ಓದಿದ ಪುಸ್ತಕದ ಬಗ್ಗೆ ಒಂದು ಪುಟ ಬರೆದಿಡುವುದು ಹೇಗೆ

ನಾನು ವಿಮರ್ಶಕಿಯಲ್ಲ. ತೀರ್ಥಹಳ್ಳಿ ಕಡೆಯ ಒಂದು ಸೊಸೈಟಿಯಲ್ಲಿ ಕ್ಯಾಶ್ ಕೌಂಟರಿನಲ್ಲಿ ಕೂರುವವಳು. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಓದುತ್ತೇನೆ, ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ಓದುತ್ತೇನೆ, ಮಳೆಗಾಲದಲ್ಲಿ ಕರೆಂಟು ಹೋಗದಿದ್ದರೆ ಇನ್ನಷ್ಟು ಓದುತ್ತೇನೆ. ಕಾದಂಬರಿ, ಸಣ್ಣಕತೆ, ಪದ್ಯ, ನಾಟಕ, ಗಿಡಮರದ ಪುಸ್ತಕ, ಆತ್ಮಕತೆ, ಹೀಗೆ ಲೈಬ್ರರಿಯ ಕಪಾಟಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ. ಓದಿದ್ದರ ಬಗ್ಗೆ ಒಂದೊಂದು ಪುಟ ಬರೆದಿಡುವ ರೂಢಿ ಬಹಳ ಕಾಲದಿಂದ ಇದೆ. ಸೊಸೈಟಿಗೆ ಬರುವವರು, ಓಣಿಯ ಹೆಂಗಸರು, ಕಾಲೇಜಿಗೆ ಹೋಗುವ ಹುಡುಗರು ‘ಅಕ್ಕಾ, ಏನಾದರೂ ಓದೋಕೆ ಹೇಳಿ’ ಅಂದಾಗ ಆ ನೋಟ್‌ಬುಕ್ ತೆಗೆಯುತ್ತೇನೆ. ‘ನೀವು ಬರೆಯೋದು ಹೇಗೆ, ನಮಗೂ ಹೇಳಿಕೊಡಿ’ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೊಂದು ಬಗೆಯ ಪುಸ್ತಕಕ್ಕೆ ಒಂದೊಂದು ಬೇರೆ ಪ್ರಶ್ನೆ ಕೇಳಬೇಕು. ಪದ್ಯದ ಪುಸ್ತಕ ಹಿಡಿದು ‘ಕೊನೆಗೇನಾಯ್ತು’ ಎಂದು ಕೇಳುವುದು, ರೋಚಕ ಕಾದಂಬರಿ ಹಿಡಿದು ‘ಇದರಿಂದ ನೀತಿ ಏನು’ ಎಂದು ಕೇಳುವುದು, ಇವೆಲ್ಲ ಅಡಿಕೆ ಮೂಟೆ ತೂಗುವ ಕಾಟಾದ ಮೇಲೆ ಏಲಕ್ಕಿ ಇಟ್ಟ ಹಾಗೆ. ಮುಳ್ಳು ಅಲುಗುವುದೇ ಇಲ್ಲ. ಆಗ ಏಲಕ್ಕಿಗೆ ತೂಕವಿಲ್ಲ ಅಂದುಬಿಡುತ್ತೇವೆ. ಪುಸ್ತಕ ಹಿಡಿಸಲಿಲ್ಲ ಎಂದು ನನ್ನ ಹತ್ತಿರ ಹೇಳುವವರಲ್ಲಿ ಅರ್ಧಕ್ಕರ್ಧ ಜನ ಕೇಳಬಾರದ ಪ್ರಶ್ನೆ ಕೇಳಿದವರು.

ಸಾಮಾನು ದೊಡ್ಡದೇನಿಲ್ಲ. ಗೆರೆ ಹಾಕಿದ ಇನ್ನೂರು ಪುಟದ ನೋಟ್‌ಬುಕ್ ಸಾಕು. ಎಡಗಡೆಯ ಮಾರ್ಜಿನ್ ಪುಟಸಂಖ್ಯೆಗೆ. ಪುಟದ ತಲೆಯಲ್ಲಿ ಪುಸ್ತಕದ ಹೆಸರು, ಬರೆದವರು, ಮೊದಲು ಬಂದ ವರ್ಷ. ವರ್ಷ ಬರೆಯುವುದನ್ನು ಮಾತ್ರ ಬಿಡಬೇಡಿ. 1942ರಲ್ಲಿ ಬಂದ ಪುಸ್ತಕವನ್ನು ನಿನ್ನೆ ಬರೆದದ್ದೆಂದುಕೊಂಡು ಓದಿದರೆ ಸಿಟ್ಟು ಬರಬಾರದ ಕಡೆ ಸಿಟ್ಟು ಬರುತ್ತದೆ, ಬೆರಗಾಗಬೇಕಾದ ಕಡೆ ಆಕಳಿಕೆ ಬರುತ್ತದೆ. ಲೈಬ್ರರಿ ಪುಸ್ತಕದಲ್ಲಿ ಪೆನ್ಸಿಲ್ ಗುರುತನ್ನೂ ಹಾಕಬೇಡಿ, ಹಳೆಯ ಬಸ್ ಟಿಕೆಟ್ ಇಟ್ಟುಕೊಳ್ಳಿ.

ಮೂರು ಸಲ ಬರೆಯಿರಿ. ಮೂವತ್ತು ಪುಟ ಆದಾಗ ಎರಡು ಸಾಲು: ಇದು ಎಲ್ಲಿಗೆ ಹೋಗಬಹುದು ಅನ್ನಿಸುತ್ತಿದೆ? ಅರ್ಧ ಆದಾಗ ಎರಡು ಸಾಲು. ಮುಗಿದ ರಾತ್ರಿಯೇ ಉಳಿದದ್ದು. ಮಾರನೆಯ ದಿನಕ್ಕೆ ಇಟ್ಟರೆ ಕತೆ ನೆನಪಿರುತ್ತದೆ, ಓದುವಾಗ ಆದದ್ದು ಹೋಗಿರುತ್ತದೆ. ನಮಗೆ ಬೇಕಾದ್ದು ಎರಡನೆಯದು. ಕತೆ ಹೇಗೂ ಪುಸ್ತಕದಲ್ಲೇ ಇದೆ.

ಇನ್ನು ಒಂದೊಂದು ಬಗೆಯ ವಿಷಯ.

ದೊಡ್ಡ ಕಾದಂಬರಿ ಹಿಡಿದರೆ ನೋಟ್‌ಬುಕ್ಕಿನ ಎರಡು ಪುಟ ಖಾಲಿ ಬಿಟ್ಟುಕೊಳ್ಳಿ, ಜನರ ಹೆಸರು ಬರೆಯುವುದಕ್ಕೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಅರ್ಧಕ್ಕೆ ಬಿಟ್ಟವರನ್ನು ಬಹಳ ನೋಡಿದ್ದೇನೆ. ಎಲ್ಲರ ದೂರೂ ಒಂದೇ, ಯಾರು ಯಾರು ಅಂತ ಗೊತ್ತಾಗಲ್ಲ. ನಾಯಿಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಎಂದು ಹೆಸರು ಬರೆದು, ಯಾರು ಯಾವ ಮನೆಯವರು, ಯಾರು ಯಾರ ಹೊಲೆಗೇರಿಯವರು, ಯಾವ ಹಾದಿ ಎಲ್ಲಿಗೆ ಹೋಗುತ್ತದೆ ಎಂದು ಗೆರೆ ಎಳೆದುಕೊಂಡರೆ ಕಾಡು ತಾನಾಗಿ ತೆರೆದುಕೊಳ್ಳುತ್ತದೆ. ನಮಗೆ ಇದು ಇನ್ನೂ ಹತ್ತಿರ. ಆಗುಂಬೆ ಬಸ್ಸು ಹಿಡಿದರೆ ಮೇಗರವಳ್ಳಿ ಸಿಗುತ್ತದೆ, ಕಾದಂಬರಿಯಲ್ಲೂ ಮೇಗರವಳ್ಳಿ ಬರುತ್ತದೆ. ಇಂಥ ಕಾದಂಬರಿಗೆ ನಾನು ಕೇಳುವ ಪ್ರಶ್ನೆ, ‘ಯಾರ ಜೊತೆ ನಡೆಯುತ್ತಿದ್ದೇನೆ, ಯಾವ ಪುಟದಲ್ಲಿ ಜೊತೆ ಬದಲಾಯಿತು?’ ಗುತ್ತಿ ಮತ್ತು ಅವನ ನಾಯಿ ಹುಲಿಯನ ಜೊತೆ ಹೊರಟವಳು ಯಾವಾಗಲೋ ಪೀಂಚಲುವಿನ ಪಕ್ಕದಲ್ಲಿದ್ದೆ. ಅದು ಆದ ಜಾಗದ ಪುಟಸಂಖ್ಯೆ ಮಾರ್ಜಿನ್ನಿನಲ್ಲಿದೆ. ಕೇಳಿದವರಿಗೆ ಮೊದಲು ಅದನ್ನೇ ಹೇಳುತ್ತೇನೆ, ಏಕೆಂದರೆ ದೊಡ್ಡವರು ಸಣ್ಣವರು ಎನ್ನದೆ ಎಲ್ಲರ ಪಕ್ಕದಲ್ಲೂ ನಮ್ಮನ್ನು ನಡೆಸುವುದೇ ಆ ಪುಸ್ತಕದ ಹಿರಿಮೆ.

ಸಣ್ಣ ಕಾದಂಬರಿಗೆ ಬೇರೆ ರೀತಿ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ಕಾಫಿ ಹೌಸಿನಲ್ಲಿ ಕೂತ ಒಬ್ಬ, ದುಡ್ಡು ಬಂದ ಮೇಲೆ ತನ್ನ ಮನೆ ಹೇಗಾಯಿತು ಎಂದು ಹೇಳಿಕೊಳ್ಳುತ್ತಾನೆ, ಅಷ್ಟೆ. ಇಲ್ಲಿ ಕೇಳಬೇಕಾದ್ದು, ಹೇಳುತ್ತಿರುವವನು ಏನನ್ನು ಹೇಳದೆ ದಾಟಿಸುತ್ತಿದ್ದಾನೆ ಎಂದು. ಅನುಮಾನ ಬಂದ ಕಡೆಯೆಲ್ಲ ಪುಟಸಂಖ್ಯೆ ಬರೆದಿಟ್ಟುಕೊಂಡು, ಮುಗಿದ ತಕ್ಷಣ ಆ ಪುಟಗಳನ್ನಷ್ಟೇ ಮತ್ತೆ ಓದಿ. ಕೊನೆಯಲ್ಲಿ ಏನೂ ಆಗಲಿಲ್ಲ ಎಂದವರಿಗೂ ಆಗ ಮೈ ನಡುಗುತ್ತದೆ. ಇದರ ಬಗ್ಗೆ ಇನ್ನೊಬ್ಬರಿಗೆ ಹೇಳುವಾಗ ಮನೆಯ ಇರುವೆಗಳ ಪ್ರಸಂಗದವರೆಗೆ ಹೇಳಿ ನಿಲ್ಲಿಸಿ, ಮುಂದಕ್ಕೆ ಹೋಗಬೇಡಿ.

ರೋಚಕ ಕಾದಂಬರಿಯನ್ನು ಕೀಳಾಗಿ ನೋಡುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಹೆಚ್ಚುಕಡಿಮೆ ಒಂದು ಹಗಲು ಒಂದು ರಾತ್ರಿಯೊಳಗೆ ನಡೆದುಹೋಗುತ್ತದೆ. ಏಲಕ್ಕಿ ಬೆಳೆಯುವ ಗಂಡ ಹೆಂಡತಿ ಸುರೇಶ, ಗೌರಿ. ಕಾಡಿನ ಮಾಲು ಕದ್ದು ಸಾಗಿಸುವವರು. ಬೆನ್ನು ಹತ್ತಿದ ಒಂದು ಹಳೆಯ ಗುಟ್ಟು. ಇಲ್ಲಿ ಎಡ ಮಾರ್ಜಿನ್ನಿನಲ್ಲಿ ಪುಟಸಂಖ್ಯೆಯ ಜೊತೆ ಹೊತ್ತನ್ನೂ ಬರೆಯಿರಿ: ಬೆಳಿಗ್ಗೆ, ಮಧ್ಯಾಹ್ನ, ರೈಲು ಹತ್ತಿದ್ದು. ಲೇಖಕರು ಹೊತ್ತನ್ನು ಹೇಗೆ ಬಿಗಿ ಹಿಡಿದಿದ್ದಾರೆ ಎನ್ನುವುದು ಆಗ ಕಾಣುತ್ತದೆ. ಊಟಕ್ಕೆ ಏಳದೆ ಓದಿದ ಪುಟಗಳು ಯಾವುವು ಎಂದೂ ಬರೆಯಿರಿ. ಊಟ ಮರೆಸುವುದು ಸಣ್ಣ ವಿದ್ಯೆಯಲ್ಲ. ಅದೇ ಲೇಖಕರ ‘ಕರ್ವಾಲೊ’ವನ್ನು (1980) ಇದೇ ಸಾಲಿಗೆ ಸೇರಿಸಬೇಡಿ. ಅಲ್ಲೂ ಹುಡುಕಾಟವಿದೆ, ಹಾರುವ ಓತಿಯ ಹಿಂದೆ ಒಂದು ಗುಂಪೇ ಕಾಡಿಗೆ ಹೋಗುತ್ತದೆ. ಆದರೆ ಅಲ್ಲಿ ಅವಸರ ಮಾಡಿದವರಿಗೆ ನಷ್ಟ. ಮೂಡಿಗೆರೆಯ ಜೇನು ಸೊಸೈಟಿಯಿಂದ ಶುರುವಾಗಿ, ಊರಿನವರು ಕೈಲಾಗದವನೆಂದುಕೊಂಡ ಮಂದಣ್ಣನಲ್ಲಿ ದೊಡ್ಡ ವಿಜ್ಞಾನಿಯೊಬ್ಬರು ಏನು ಕಂಡರು ಎನ್ನುವುದರ ಕಡೆಗೆ ಅದು ನಿಧಾನ ನಡೆಯುತ್ತದೆ. ‘ಈ ಪುಸ್ತಕ ಓದಿದ ಮೇಲೆ ನನ್ನ ಊರಿನ ಯಾರನ್ನು ಬೇರೆ ಕಣ್ಣಿನಿಂದ ನೋಡಿದೆ?’ ಎಂದು ಕೇಳಿಕೊಳ್ಳಿ. ನನ್ನ ಪುಟದಲ್ಲಿ, ಸೊಸೈಟಿಗೆ ಬರುವ, ಅಡಿಕೆ ಕೊನೆ ಇಳಿಸುವ ಒಬ್ಬ ಕೊನೆಗಾರನ ವಿಷಯ ಪುಸ್ತಕಕ್ಕಿಂತ ಹೆಚ್ಚಾಗಿದೆ. ಇರಲಿ, ಅದೂ ಪುಸ್ತಕದ್ದೇ ಫಲ.

ಕಥಾಸಂಕಲನವನ್ನು ಒಟ್ಟಿಗೆ ಓದಿ ಒಟ್ಟಿಗೆ ಬರೆಯಬೇಡಿ. ಒಂದು ಕತೆ, ನಾಲ್ಕು ಸಾಲು, ಪುಸ್ತಕ ಮುಚ್ಚಿ. ಬಾನು ಮುಷ್ತಾಕ್ ಅವರ ಕತೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದ ಮೇಲೆ ನಮ್ಮ ಕಡೆಯೂ ಎಲ್ಲರಿಗೂ ಆ ಪುಸ್ತಕ ಬೇಕಾಯಿತು. ದೀಪಾ ಭಾಸ್ತಿ ‘ಹಾರ್ಟ್ ಲ್ಯಾಂಪ್’ ಎಂದು ಇಂಗ್ಲಿಷಿಗೆ ತಂದ ಹನ್ನೆರಡು ಕತೆಗಳ ಸಂಕಲನವದು. ಆ ಪ್ರಶಸ್ತಿ ಸಣ್ಣಕತೆಗಳ ಪುಸ್ತಕವೊಂದಕ್ಕೆ ಸಿಕ್ಕಿದ್ದು ಅದೇ ಮೊದಲು. ಪ್ರಶಸ್ತಿಯ ಹುರುಪಿನಲ್ಲಿ ಒಂದೇ ರಾತ್ರಿ ಓದಿ ಮುಗಿಸಿದವರು ‘ಎಲ್ಲ ಒಂದೇ ಥರ, ಹೆಂಗಸರ ಕಷ್ಟ’ ಎಂದರು. ನನಗೆ ಸಂಕಟವಾಯಿತು. ಒಂದೊಂದು ಕತೆಯಲ್ಲೂ ಒಂದೊಂದು ಹೆಣ್ಣು ಬೇರೆ ಬೇರೆ ಕಡೆ ತಿರುಗಿ ನಿಲ್ಲುತ್ತಾಳೆ. ಯಾವ ಸಾಲಿನಲ್ಲಿ ನಿಂತಳು? ಎದುರಿಗೆ ಯಾರಿದ್ದರು? ಆಮೇಲೆ ಯಾರೂ ಮಾತಾಡದೆ ಉಳಿದರೇ? ಈ ಮೂರಕ್ಕೆ ಉತ್ತರ ಬರೆದರೆ ಒಂದು ಕತೆ ಇನ್ನೊಂದರಲ್ಲಿ ಕರಗುವುದಿಲ್ಲ. ಕನ್ನಡದವರು ಇವನ್ನು ಕನ್ನಡದಲ್ಲೇ ಓದಿ ಎಂದು ಕೈಮುಗಿದು ಕೇಳುತ್ತೇನೆ. ‘ಎದೆಯ ಹಣತೆ’ ನಮ್ಮ ಭಾಷೆಯಲ್ಲೇ ಇದೆ.

ಪದ್ಯದ ವಿಷಯದಲ್ಲಿ ನನ್ನ ಕ್ರಮ ಒಂದೇ. ಗಟ್ಟಿಯಾಗಿ ಓದಬೇಕು, ಆಮೇಲೆ ಕೈಯಲ್ಲಿ ಬರೆದುಕೊಳ್ಳಬೇಕು. ಬರೆಯುವಾಗ ಕೈ ಎಲ್ಲಿ ತಡೆಯಿತೋ ಅಲ್ಲೇ ಪದ್ಯದ ಜೀವ ಇರುತ್ತದೆ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ದಲ್ಲಿ (1943) 945 ಪದ್ಯಗಳಿವೆ. ಅದನ್ನು ಓದಿ ಮುಗಿಸುವ ಪುಸ್ತಕವೆಂದುಕೊಳ್ಳಬೇಡಿ. ದಿನಕ್ಕೊಂದರಂತೆ ತೆಗೆದು, ಅವತ್ತಿನ ದಿನದ ಯಾವ ಸಂಗತಿಗೆ ಅದು ಹೊಂದಿತು, ಯಾವುದಕ್ಕೆ ಒಪ್ಪಿಗೆಯಾಗಲಿಲ್ಲ ಎಂದು ಒಂದು ಸಾಲು ಬರೆದರೆ ಸಾಕು. ಒಪ್ಪಿಗೆಯಾಗದ್ದನ್ನು ಧೈರ್ಯವಾಗಿ ಬರೆಯಿರಿ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ಗೆ (1942) ಇನ್ನೊಂದು ತೊಡಕಿದೆ: ಹಾಡಾಗಿ ಕೇಳಿ ಕೇಳಿ ಪದ್ಯ ಕಿವಿಗೆ ಅಂಟಿಬಿಟ್ಟಿದೆ. ಹಾಡಿನ ರಾಗ ಬಿಟ್ಟು, ಮಾತಾಡುವ ದನಿಯಲ್ಲಿ ನಿಧಾನ ಓದಿ. ಬಳೆ, ಬಾಗಿಲು, ಅತ್ತೆಮನೆ ಇಂಥ ದಿನದ ವಸ್ತುಗಳನ್ನಿಟ್ಟುಕೊಂಡೇ ಅವರು ಎಷ್ಟು ದೂರ ಹೋಗಿದ್ದಾರೆ ಎಂದು ಆಗ ತಿಳಿಯುತ್ತದೆ.

ನಾಟಕವನ್ನು ಒಬ್ಬರೇ ಓದಬೇಡಿ, ಇಷ್ಟು ಸಾಕು. ಕಾರ್ನಾಡರ ‘ತುಘಲಕ್’ (1964) ಅನ್ನು ನಾನು ಅಕ್ಕನ ಮಗಳ ಜೊತೆ ಪಾತ್ರ ಹಂಚಿಕೊಂಡು ಓದಿದೆ. ದಿಲ್ಲಿಯಿಂದ ದೌಲತಾಬಾದಿಗೆ ರಾಜಧಾನಿ ಸಾಗಿಸಿದ್ದು ಎಲ್ಲರಿಗೂ ಗೊತ್ತು. ಕ್ಯಾಶ್ ಕೌಂಟರಿನಲ್ಲಿ ಕೂರುವ ನನಗೆ ಹಿಡಿದು ನಿಲ್ಲಿಸಿದ್ದು ತಾಮ್ರದ ನಾಣ್ಯ. ಬೆಳ್ಳಿಯಷ್ಟೇ ಬೆಲೆ ಎಂದು ಸುಲ್ತಾನ ಸಾರುತ್ತಾನೆ, ಖೋಟಾ ನಾಣ್ಯ ಹುಟ್ಟಿಕೊಳ್ಳುತ್ತದೆ, ಕೊನೆಗೆ ಅವನ ಪ್ರೀತಿಯ ಗುಲಾಬಿ ತೋಟದಲ್ಲಿ ಆ ನಾಣ್ಯಗಳ ರಾಶಿ ಬೀಳುತ್ತದೆ. ನೋಟು ಎಣಿಸುವ ಕೆಲಸದವರಿಗೆ ಆ ತೋಟ ಎಷ್ಟು ಭಯಾನಕ ಎಂದು ಗೊತ್ತಾಗುತ್ತದೆ. ನಿಮ್ಮ ಕೆಲಸ ಯಾವುದೋ ಅದರ ಕಣ್ಣಿನಿಂದ ಕಂಡದ್ದನ್ನು ಅಳುಕದೆ ಬರೆಯಿರಿ. ದರ್ಜಿ ಓದಿದರೆ ಬಟ್ಟೆ ಕಾಣುತ್ತದೆ, ನರ್ಸು ಓದಿದರೆ ಕಾಯಿಲೆ ಕಾಣುತ್ತದೆ. ಸಾಮಾನ್ಯ ಓದುಗರ ಟಿಪ್ಪಣಿಗೆ ಬೆಲೆ ಬರುವುದೇ ಇಲ್ಲಿ.

ವಿಜ್ಞಾನ, ಪ್ರಬಂಧ, ಪ್ರವಾಸದ ಪುಸ್ತಕಗಳಿಗೆ ಪ್ರಶ್ನೆ ಸುಲಭ: ಇದನ್ನು ಓದಿದ ಮೇಲೆ ನಾನು ಏನನ್ನು ಗುರುತಿಸಬಲ್ಲೆ? ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ವಿದ್ಯಾರ್ಥಿಗಳ ಜೊತೆ ಕಾಡಿನಲ್ಲಿ ಗಿಡ ಹುಡುಕುತ್ತ ಹೋದದ್ದರ ಕತೆ, ಚಿತ್ರಗಳೂ ಅವರದೇ. ಸಸ್ಯಶಾಸ್ತ್ರದ ಪುಸ್ತಕವೊಂದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ, ನಕ್ಕು ನಕ್ಕು ಸಾಕಾಗುತ್ತದೆ. ಒಂದು ಅಧ್ಯಾಯ ಓದಿ, ಎದ್ದು ಹೋಗಿ, ಬೇಲಿಯಲ್ಲೋ ತೋಟದಲ್ಲೋ ಒಂದು ಗಿಡದ ಎಲೆ ಜೋಡಣೆ ನೋಡಿ ಬಂದು, ಬರುವುದೋ ಬಾರದೋ, ಚಿತ್ರ ಬರೆಯಿರಿ. ಮಕ್ಕಳಿಗೆ ಈ ಪುಟ ತೋರಿಸಿದರೆ ಅವರೂ ಪುಸ್ತಕ ಕೇಳುತ್ತಾರೆ.

ಆತ್ಮಕತೆಯ ಹತ್ತಿರ ಮಾತ್ರ ಮೆಲ್ಲಗೆ ಹೋಗಬೇಕು. ದಲಿತ ಕವಿ ಸಿದ್ದಲಿಂಗಯ್ಯನವರ ‘ಊರುಕೇರಿ’ಯಲ್ಲಿ ಬಡತನ, ಹಸಿವು, ಅವಮಾನ ಎಲ್ಲ ಇದೆ, ಆದರೆ ಅವರು ನಗಿಸುತ್ತ ಹೇಳುತ್ತಾರೆ. ‘ಪಾಪ, ಎಷ್ಟು ಕಷ್ಟ’ ಎಂದು ಬರೆದು ಮುಗಿಸಬೇಡಿ. ಅವರು ಕನಿಕರ ಕೇಳಿಯೇ ಇಲ್ಲ. ಎಲ್ಲಿ ನಕ್ಕೆ, ನಕ್ಕ ಮೇಲೆ ಯಾವ ಸಾಲಿಗೆ ಗಂಟಲು ಕಟ್ಟಿತು ಎಂದು ಬರೆಯಿರಿ. ‘ಊರಿನವರ’ ಮನೆಯಲ್ಲಿ ಹುಟ್ಟಿದವರಾದರೆ ಇನ್ನೊಂದು ಪ್ರಶ್ನೆಯೂ ಇದೆ: ಇದರಲ್ಲಿ ನಮ್ಮ ಮನೆಯವರು ಎಲ್ಲಿದ್ದಾರೆ? ಅದಕ್ಕೆ ಉತ್ತರ ಬರೆಯುವುದು ಕಷ್ಟ. ಬರೆಯಲೇಬೇಕು.

ಸಿನಿಮಾ ಆದ ಕಾದಂಬರಿಗಳ ಬಗ್ಗೆ ಒಂದು ಮಾತು. ತ್ರಿವೇಣಿಯವರ ‘ಶರಪಂಜರ’ ಎಂದರೆ ಹೆಚ್ಚಿನವರಿಗೆ ಪುಟ್ಟಣ್ಣನವರ ಸಿನಿಮಾ, ಅದರಲ್ಲಿ ನಟಿಸಿದ ಕಲ್ಪನಾ. ಕಾದಂಬರಿ ಬರೆದ ತ್ರಿವೇಣಿಯವರು ಅದಕ್ಕೂ ಮುಂಚೆಯೇ, 1963ರಲ್ಲಿ ತೀರಿಕೊಂಡಿದ್ದರು. ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ, ಒಂದು ಕಡೆ ಪುಸ್ತಕದ ಕಾವೇರಿ, ಇನ್ನೊಂದು ಕಡೆ ಪರದೆಯ ಕಾವೇರಿ. ಮನಸ್ಸಿನ ಕಾಯಿಲೆ ವಾಸಿಯಾಗಿ ಬಂದ ಹೆಂಗಸನ್ನು ಮನೆಯವರೇ ನಂಬದೆ ಹೋಗುವುದನ್ನು ತ್ರಿವೇಣಿ ಎಷ್ಟು ಸಣ್ಣ ಸಣ್ಣ ಮಾತುಗಳಲ್ಲಿ ತೋರಿಸಿದ್ದಾರೆ ಎಂದು ಆಗ ಗೊತ್ತಾಗುತ್ತದೆ. ಹೆಂಗಸರ ಕಾದಂಬರಿ ಎಂದು ಇವರನ್ನು ಬದಿಗೆ ತಳ್ಳಿದವರು ಒಮ್ಮೆ ಹೀಗೆ ಓದಿ ನೋಡಲಿ.

ಅರ್ಧಕ್ಕೆ ಬಿಟ್ಟ ಪುಸ್ತಕಕ್ಕೂ ಜಾಗ ಕೊಡಿ. ಯಾವ ಪುಟದಲ್ಲಿ ಬಿಟ್ಟಿರಿ, ಏಕೆ ಬಿಟ್ಟಿರಿ. ಭಾಷೆ ಬಿಗಿಯಾಯಿತೋ, ನಿಮ್ಮ ಮನಸ್ಸೇ ಬೇರೆ ಕಡೆ ಇತ್ತೋ, ಅಕ್ಷರ ತೀರಾ ಸಣ್ಣದಿತ್ತೋ. ಇಂಥ ಕೆಲವು ಪುಸ್ತಕಗಳು ಎರಡು ವರ್ಷ ಬಿಟ್ಟು ಹಿಡಿದಾಗ ತಾವಾಗಿ ಓದಿಸಿಕೊಂಡಿವೆ.

ಕೊನೆಯ ಕೆಲಸ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ. ಪುಸ್ತಕದ ಹೆಸರು, ಮುಂದೆ ಅದನ್ನು ಯಾರಿಗೆ ಕೊಡಬಹುದು ಎಂದು ಒಂದು ಸಾಲು. ಹೆಸರೇ ಬೇಕಿಲ್ಲ, ‘ಹೊಸದಾಗಿ ಮದುವೆಯಾದವರಿಗೆ’, ‘ಓದುವುದು ಬೇಜಾರು ಅನ್ನುವ ಹುಡುಗರಿಗೆ’, ‘ಆಸ್ಪತ್ರೆಯಲ್ಲಿ ಕೂರಬೇಕಾದವರಿಗೆ, ಸಣ್ಣ ಸಣ್ಣ ಅಧ್ಯಾಯ’, ‘ಈಗ ಬೇಡ, ದುಃಖದಲ್ಲಿರುವವರಿಗೆ ಕೊಡಬೇಡಿ’, ಹೀಗೆ. ಏನು ಓದಲಿ ಎಂದು ಕೇಳಿಕೊಂಡು ಬಂದವರಿಗೆ ಮೊದಲು ಈ ಪುಟ ತೋರಿಸಿ, ಅವರು ಒಂದನ್ನು ಆರಿಸಿದ ಮೇಲೆ ಒಳಗಿನ ಪುಟ ಓದಿ ಹೇಳಿ. ಅವರು ಓದಿ ಬಂದು ಬೇರೆ ಅಭಿಪ್ರಾಯ ಹೇಳಿದರೆ ನಿಮ್ಮ ಬರಹದ ಕೆಳಗೆ ಅವರ ಕೈಯಲ್ಲೇ ಬರೆಸಿಕೊಳ್ಳಿ. ಅದಕ್ಕೆಂದು ಪ್ರತಿ ಪುಟದ ಅಡಿಯಲ್ಲಿ ಐದಾರು ಗೆರೆ ಖಾಲಿ ಬಿಟ್ಟಿರಬೇಕು.