ಓವನ್ ಇಲ್ಲದೆ ಖಾರಾ ಬಿಸ್ಕೆಟ್: ಐದನೇ ಸಲಕ್ಕೆ ಗರಿಗರಿ

ನಾನು ದಿನಾ ಮಂಡ್ಯದಿಂದ ಬೆಂಗಳೂರಿಗೆ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಹೋಗುವವಳು. ನಮ್ಮ ಬೋಗಿಯಲ್ಲಿ ಎಂಟು ಜನ ಗೆಳತಿಯರಿದ್ದೇವೆ. ಯಾರ ಮನೆಯಲ್ಲಿ ಏನು ಮಾಡಿದರೂ ಒಂದು ಡಬ್ಬಿ ಟ್ರೇನಿಗೆ ಬರಲೇಬೇಕು. ಕುಕ್ಕರ್‌ನಲ್ಲಿ ಖಾರಾ ಬಿಸ್ಕೆಟ್ ಮಾಡಿ ತರುತ್ತೇನೆ ಅಂದಾಗ ಯಾರೂ ಒಪ್ಪಲಿಲ್ಲ. "ಅದರಲ್ಲಿ ಕೇಕ್ ಆಗುತ್ತೆ, ಬಿಸ್ಕೆಟ್ ಆಗಲ್ಲ ಕಣೇ. ಸುಮ್ನೆ ಬೆಣ್ಣೆ ದಂಡ ಮಾಡ್ಬೇಡ" ಅಂದರು.

ಮೊದಲ ನಾಲ್ಕು ಸಲ ದಂಡವಾಗಿದ್ದು ನಿಜ. ಒಂದನೇ ಸಲ ತಳ ಕಪ್ಪಾಯಿತು, ಮೇಲೆ ಸುಣ್ಣದ ಹಾಗೆ ಬಿಳಿ. ಎರಡನೇ ಸಲ ಉರಿ ಸಣ್ಣ ಮಾಡಿ ಮುಕ್ಕಾಲು ಗಂಟೆ ಬಿಟ್ಟೆ. ಮುಚ್ಚಳದಲ್ಲಿ ಕೂತ ಹಬೆ ನೀರಾಗಿ ಬಿಸ್ಕೆಟ್ ಮೇಲೆಯೇ ತೊಟ್ಟಿಕ್ಕಿತ್ತು. ಮೂರನೇ ಸಲ ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪನ್ನು ಮಿಕ್ಸಿಗೆ ಹಾಕಿದ್ದೇ ತಪ್ಪಾಯಿತು. ನೀರು ಬಿಟ್ಟುಕೊಂಡು ಹಿಟ್ಟು ಅಂಟಂಟಾಯಿತು. ಇನ್ನಷ್ಟು ಮೈದಾ ಸುರಿದು ಚಪಾತಿ ಹಿಟ್ಟಿನ ಹಾಗೆ ನಾದಿದೆ. ಬಿಸ್ಕೆಟ್ ಕಲ್ಲಾಯಿತು. ನಾಲ್ಕನೇ ಸಲ ರುಚಿ, ಬಣ್ಣ ಎರಡೂ ಚೆನ್ನಾಗಿ ಬಂತು. ಆದರೆ ಬೆಳಗಿನ ಜಾವ ಎದ್ದು ಮಾಡಿ ಬಿಸಿ ಇರುವಾಗಲೇ ಡಬ್ಬಿಗೆ ತುಂಬಿದ್ದೆ. ಚನ್ನಪಟ್ಟಣ ದಾಟುವಷ್ಟರಲ್ಲಿ ಮೆತ್ತಗಾಗಿತ್ತು. ಅಷ್ಟರಲ್ಲಿ ಬೆಣ್ಣೆಗೇ ಹೆಚ್ಚು ಕಡಿಮೆ 250 ರೂಪಾಯಿ ಹೋಗಿತ್ತು. ಮನೆಯಲ್ಲೂ ಮಾತು ಕೇಳಬೇಕಾಯಿತು.

ದಾರಿ ಸಿಕ್ಕಿದ್ದು ಟ್ರೇನಿನಲ್ಲೇ. ಉಡುಪಿ ಕಡೆಯ ಗೆಳತಿಯೊಬ್ಬಳು ಅವಳ ಅಜ್ಜಿ ಮಾಡುತ್ತಿದ್ದ ಕೆಂಡದಡ್ಯೆ ಅನ್ನೋ ತಿಂಡಿಯ ಬಗ್ಗೆ ಹೇಳುತ್ತಿದ್ದಳು. ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ. ಕುಕ್ಕರ್‌ನಲ್ಲಿ ಇಲ್ಲದ್ದು ಆ ಮೇಲಿನ ಕೆಂಡವೇ ಅಲ್ವಾ?

ಆ ಭಾನುವಾರ ಕುಕ್ಕರ್ ಮುಚ್ಚಳವನ್ನೇ ಬಿಟ್ಟೆ. ಪಕ್ಕದ ಒಲೆಯಲ್ಲಿ ಕಬ್ಬಿಣದ ದೋಸೆ ಕಾವಲಿ ಚೆನ್ನಾಗಿ ಕಾಯಿಸಿ ಕುಕ್ಕರ್ ಬಾಯಿಗೆ ಮುಚ್ಚಿದೆ. ಹತ್ತು ನಿಮಿಷಕ್ಕೆ ಅದನ್ನು ತೆಗೆದು, ಕಾದಿದ್ದ ಇನ್ನೊಂದು ಕಾವಲಿ ಇಟ್ಟೆ. ಕಾವಲಿ ಪೂರ್ತಿ ಬಿಗಿಯಾಗಿ ಕೂರುವುದಿಲ್ಲ, ಸಂದಿಯಿಂದ ಹಬೆ ಆಚೆ ಹೋಗುತ್ತದೆ. ಅದೂ ಒಳ್ಳೆಯದೇ ಆಯಿತು. ತಟ್ಟೆಯನ್ನು ಕೆಳಗೆ ಇಡಬೇಡಿ. ಒಂದು ಸ್ಟೀಲ್ ಬಟ್ಟಲು ಬೋರಲು ಹಾಕಿ ಅದರ ಮೇಲಿಡಿ, ಕಾವಲಿಗೆ ಹತ್ತಿರವಾಗಬೇಕು. ಕಾವಲಿ ಎತ್ತುವಾಗ ದಪ್ಪ ಬಟ್ಟೆ ಇರಲಿ, ನನ್ನ ಕೈ ಒಂದು ಸಲ ಸುಟ್ಟಿದೆ.

ನನ್ನ ಅಳತೆ ಹೀಗೆ: ಕಾಲು ಕೆಜಿ ಮೈದಾ, 110 ಗ್ರಾಂ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಎರಡು ದೊಡ್ಡ ಚಮಚ ಗಟ್ಟಿ ಮೊಸರು, ಅರ್ಧ ಚಮಚ ಬೇಕಿಂಗ್ ಪೌಡರ್, ಆರು ಮೆಣಸಿನಕಾಯಿ. ಉಪ್ಪು ನಿಮ್ಮ ಬೆಣ್ಣೆ ನೋಡಿಕೊಂಡು. ಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಎಲ್ಲವನ್ನೂ ಚಾಕುವಿನಿಂದಲೇ ಸಣ್ಣಗೆ ಹೆಚ್ಚಿ, ಅರ್ಧ ಗಂಟೆ ಬಟ್ಟೆಯ ಮೇಲೆ ಹರಡುತ್ತೇನೆ. ಹಿಟ್ಟನ್ನು ನಾದುವುದಿಲ್ಲ, ಮುದ್ದೆ ಕೂಡಿದರೆ ಸಾಕು. ಮೊಸರಿಗೆ ಇನ್ನೊಂದು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಟ್ರೇನಿನವರಿಗೂ ಹೇಳಿಲ್ಲ.

ನನ್ನ ತಟ್ಟೆಗೆ ಒಂಬತ್ತು ಹಿಡಿಯುತ್ತವೆ. ಇಪ್ಪತ್ತರಿಂದ ಇಪ್ಪತ್ತೈದು ನಿಮಿಷಕ್ಕೆ ಒಂದು ಸುತ್ತು, ಒಟ್ಟು ನಾಲ್ಕು ಸುತ್ತು. ಎಲ್ಲ ಆದ ಮೇಲೆ ಬಿಸ್ಕೆಟ್‌ಗಳನ್ನು ಒಂದು ಗಂಟೆ ಆರಲು ಬಿಟ್ಟು, ಮತ್ತೆ ಅದೇ ಕುಕ್ಕರ್‌ನಲ್ಲಿ ತೀರಾ ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಒಣಗಿಸುತ್ತೇನೆ. ಆಗ ಮುಚ್ಚುವುದಿಲ್ಲ. ಗರಿಗರಿ ಬರುವುದು ಈ ಎರಡನೇ ಸಲದಲ್ಲೇ. ರಾತ್ರಿಯೇ ಮಾಡಿ, ಪೂರ್ತಿ ಆರಿಸಿ, ಬೆಳಿಗ್ಗೆ ಡಬ್ಬಿಗೆ ತುಂಬುತ್ತೇನೆ.

ಖರ್ಚು ಗ್ಯಾಸ್ ಸೇರಿ ಸುಮಾರು 100 ರೂಪಾಯಿ, ಬಿಸ್ಕೆಟ್ 350 ಗ್ರಾಂ ಆಸುಪಾಸು. ನಮ್ಮ ಕಡೆ ಬೇಕರಿಯಲ್ಲಿ ಅಷ್ಟು ತೂಕಕ್ಕೆ 140 ಕೊಡಬೇಕು. ಉಳಿತಾಯ ದೊಡ್ಡದಲ್ಲ. ಆದರೆ ಬೇಕರಿಯದ್ದರಲ್ಲಿ ಇಷ್ಟು ಬೆಣ್ಣೆಯ ಘಮ ನನಗೆ ಸಿಕ್ಕಿಲ್ಲ.

ಮಧ್ಯೆ ಅರ್ಧ ಮೈದಾ, ಅರ್ಧ ರಾಗಿ ಹಾಕಿ ನೋಡಿದೆ. ಪುಡಿಪುಡಿಯಾಯಿತು. ರಾಗಿ ಕಾಲು ಭಾಗಕ್ಕೆ ಇಳಿಸಿದ ಮೇಲೆ ನಿಂತಿತು, ಅದಕ್ಕೆ ಜೀರಿಗೆ ಜಾಸ್ತಿ ಒಪ್ಪುತ್ತದೆ. ಬೆಣ್ಣೆ ಬದಲು ತುಪ್ಪ ಹಾಕಿದ್ದು ಕೆಡಲಿಲ್ಲ, ಆದರೆ ನಾನ್‌ಖಟಾಯಿಗೆ ಖಾರ ಹಾಕಿದ ಹಾಗಿತ್ತು. ಈರುಳ್ಳಿಯ ಆಸೆ ಬಿಡಿ, ಸಂಜೆಗೇ ಮೆತ್ತಗಾಗುತ್ತದೆ.

ಐದನೇ ಸಲದ ಡಬ್ಬಿ ತೆರೆದ ದಿನ ಮದ್ದೂರಿನಲ್ಲಿ ವಡೆ ಮಾರುವವರು ಬಂದರು. ನಮ್ಮ ಗುಂಪಿನಲ್ಲಿ ಒಬ್ಬರೂ ವಡೆ ಕೊಳ್ಳಲಿಲ್ಲ. ಬೆಣ್ಣೆ ದಂಡ ಅಂದವಳೇ ನಾಲ್ಕು ಬಿಸ್ಕೆಟ್ ಕಾಗದದಲ್ಲಿ ಸುತ್ತಿಕೊಂಡು ಆಫೀಸಿಗೆ ಒಯ್ದಳು. ಮುಂದಿನ ಶನಿವಾರ ಅವಳ ಮನೆಗೆ ಎರಡು ಕಾವಲಿ ಹೊತ್ತುಕೊಂಡು ಹೋಗುತ್ತಿದ್ದೇನೆ. ಅವಳ ಮನೆಯಲ್ಲಿ ಇರುವುದೆಲ್ಲ ನಾನ್‌ಸ್ಟಿಕ್, ಅದನ್ನು ಖಾಲಿ ಕಾಯಿಸುವ ಹಾಗಿಲ್ಲ.