ಅಮ್ಮ ಫಾರ್ವರ್ಡ್ ಮಾಡಿದ ಮೆಸೇಜೂ ಆಮೇಲೆ ತೆಗೆಸಿದ ಸ್ಕ್ರೀನ್‌ಶಾಟೂ

ಹೋದ ತಿಂಗಳು ಮೈಸೂರಿಂದ ಅಮ್ಮ ವಾಟ್ಸಾಪಲ್ಲಿ ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ಲು, ಹಿಂದಿನ ಬಿಲ್ ಅಪ್‌ಡೇಟ್ ಆಗಿಲ್ಲ, ರಾತ್ರಿ 9.30ಕ್ಕೆ ಕರೆಂಟ್ ಕಟ್ ಮಾಡ್ತೀವಿ, ತಕ್ಷಣ ಈ ಆಫೀಸರ್‌ಗೆ ಫೋನ್ ಮಾಡಿ ಅಂತ. ಬಿಲ್ ಕಟ್ಟಿದ್ದು ನಾನೇ, ಮೋಸ ಅಂತ ಗೊತ್ತಾಯ್ತು. ಫೋನ್ ಮಾಡ್ಬೇಡ, ಹಾಗೇ ಬಿಡು ಅಂದೆ, ಪಾಪ ಅವಳಿಗೆ ಕೈ ನಡುಗ್ತಿತ್ತು.

ಕಂಪ್ಲೇಂಟ್ ಕೊಡೋಣ ಅಂತ ಕೂತಾಗ ತೊಂದ್ರೆ ತಿಳೀತು. ಫಾರ್ವರ್ಡ್ ಮಾಡಿದ್ರೆ ಬರೀ ಅಕ್ಷರ ಬರುತ್ತೆ, ಕಳಿಸಿದವನ ನಂಬರ್ ಬರಲ್ಲ, ಯಾವತ್ತು ಎಷ್ಟೊತ್ತಿಗೆ ಬಂತು ಅನ್ನೋದೂ ಇರಲ್ಲ. ಅವನು ಡಿಲೀಟ್ ಫಾರ್ ಎವ್ರಿಒನ್ ಒತ್ತಿಬಿಟ್ರೆ ಅಮ್ಮನ ಫೋನಲ್ಲೂ ಆ ಮೆಸೇಜ್ ಉಳಿಯಲ್ಲ, ಅದಕ್ಕೇ ಆವಾಗ್ಲೇ ಸ್ಕ್ರೀನ್‌ಶಾಟ್ ತೆಗೆಸ್ಬೇಕಾಯ್ತು.

ಫೋನಲ್ಲೇ ಹೇಳ್ಕೊಟ್ಟೆ, ಅವಳದು ಆಂಡ್ರಾಯ್ಡ್, ಪವರ್ ಬಟನ್ನು ಮತ್ತೆ ಸೌಂಡ್ ಕಮ್ಮಿ ಮಾಡೋ ಬಟನ್ನು ಎರಡೂ ಒಟ್ಟಿಗೆ. ಮೊದಲ್ನೇ ಸಲ ಸ್ಕ್ರೀನ್ ಆಫ್ ಆಯ್ತು, ಇನ್ನೊಂದ್ಸಲ ಸೌಂಡ್ ಪಟ್ಟಿ ಬಂತು, ಮತ್ತೊಂದ್ಸಲ ತುಂಬ ಹೊತ್ತು ಹಿಡ್ಕೊಂಡು ಸ್ವಿಚ್ ಆಫ್ ಮಾಡೋ ಪೇಜ್ ಬಂತು. ಒಂದೇ ಸಲಕ್ಕೆ ಒತ್ತಿ ತಕ್ಷಣ ಬಿಡು ಅಂದ್ಮೇಲೆ ಸರಿಹೋಯ್ತು. ಹೋಮ್ ಬಟನ್ ಇಲ್ಲದ ಐಫೋನಲ್ಲಾದ್ರೆ ಪಕ್ಕದ ಬಟನ್ ಜೊತೆ ಸೌಂಡ್ ಜಾಸ್ತಿ ಮಾಡೋದು.

ಮೂರು ತೆಗೆಸ್ದೆ. ಪೂರ್ತಿ ಮೆಸೇಜ್ ಒಂದು, ಮೇಲಿನ ಹೆಸರು ಒತ್ತಿದಾಗ ಬರೋ ನಂಬರ್ ಮತ್ತೆ ಡಿಪಿ ಒಂದು, ಮೆಸೇಜ್ ಪಟ್ಟಿಯದ್ದೊಂದು. ಚಾಟಲ್ಲಿ ಬರೀ ಇವತ್ತು ಅಂತ ಕಾಣುತ್ತೆ, ತಾರೀಖು ಇರಲ್ಲ, ಅದನ್ನ ನಾನೇ ಬರ್ಕೊಂಡೆ. ಮೂರನೇದರಲ್ಲಿ ಅಮ್ಮನ ಬೇರೆ ಚಾಟ್‌ಗಳೂ ಬಂದಿದ್ವು, ಅದನ್ನ ಬಿಟ್ಟೆ. ನಿಮ್ಮ ಓಟಿಪಿ, ಅಕೌಂಟ್ ನಂಬರ್ ಎಲ್ಲಾದ್ರೂ ಬಂದಿದ್ಯಾ ಅಂತ ಕಳಿಸೋ ಮುಂಚೆ ಒಂದ್ಸಲ ನೋಡ್ಕೊಳಿ.

ದುಡ್ಡು ಹೋಗಿರ್ಲಿಲ್ಲ, ಹಾಗಾಗಿ ಕೇಂದ್ರ ಸರ್ಕಾರದ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟಲ್ಲಿ, ಮೋಸದ ಫೋನು ಮೆಸೇಜುಗಳ ಬಗ್ಗೆ ತಿಳಿಸೋ ಚಕ್ಷು ಅನ್ನೋ ಕಡೆ ಹಾಕ್ದೆ. 2024ರ ಮಾರ್ಚಲ್ಲಿ ಶುರುವಾಗಿದ್ದು ಅದು, ಹಿಂದಿನ 30 ದಿನದೊಳಗೆ ಬಂದ ಮೆಸೇಜ್ ಮಾತ್ರ ತಗೊಳ್ಳುತ್ತೆ. ದುಡ್ಡು ಹೋಗಿದ್ರೆ ಇದ್ಯಾವುದಕ್ಕೂ ಕೂರ್ಬೇಡಿ, ಮೊದ್ಲು ಸೈಬರ್ ಮೋಸದ ಸಹಾಯವಾಣಿ 1930ಗೆ ಫೋನ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಆ ದುಡ್ಡು ತಡೆಯೋಕೆ ಅಷ್ಟು ದಾರಿ ಇರುತ್ತೆ. ಎಲ್ಲ ಮುಗಿದ್ಮೇಲೆ ಅಮ್ಮನ ಹತ್ರ ಆ ನಂಬರ್ ರಿಪೋರ್ಟ್ ಮಾಡಿಸಿ ಬ್ಲಾಕ್ ಮಾಡಿಸ್ದೆ.

ಮೊನ್ನೆ ಅಮ್ಮಂಗೆ ಗಾಡಿ ಚಲನ್ ಅಂತ ಎಪಿಕೆ ಫೈಲ್, ಅಂದ್ರೆ ಫೋನಿಗೆ ಆಪ್ ಹಾಕೋ ಫೈಲು, ಬಂದಿತ್ತಂತೆ. ಒತ್ತಿಲ್ಲ. ನಂಗೆ ಬಂದಿದ್ದು ಎರಡು ಸ್ಕ್ರೀನ್‌ಶಾಟ್, ಕೆಳಗೆ "ನಂಬರ್ ಕಾಣೋ ಹಾಗೆ ತೆಗ್ದಿದೀನಿ ನೋಡು".