ವೇದಿಕೆಯಿಂದ ಕಂಟ್ರೋಲ್ ರೂಮಿಗೆ: ಹೆಸರಾಂತ ಗಾಯಕರು ಮ್ಯೂಸಿಕ್ ಪ್ರೊಡ್ಯೂಸರ್ ಆಗುವ ಬಗೆ

ಕನ್ನಡದಲ್ಲಿ ಪ್ರೊಡ್ಯೂಸರ್ ಎಂದೊಡನೆ ಸಿನಿಮಾಕ್ಕೆ ಹಣ ಹೂಡುವವರು ನೆನಪಾಗುವುದರಿಂದ, ಮೊದಲಿಗೆ ಕೆಲಸದ ಸ್ವರೂಪವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಹಾಡೊಂದು ಯಾವ ಶ್ರುತಿಯಲ್ಲಿ, ಯಾವ ಗತಿಯಲ್ಲಿ, ಯಾವ ವಾದ್ಯಗಳೊಡನೆ ಮುದ್ರಣಗೊಳ್ಳಬೇಕು ಎಂಬುದನ್ನು ನಿರ್ಧರಿಸಿ, ಗಾಯಕರಿಂದ ಅದಕ್ಕೆ ತಕ್ಕ ಹಾಡುಗಾರಿಕೆಯನ್ನು ಹೊರತರಿಸಿ, ಕೊನೆಯ ಪ್ರತಿ ಕೈಸೇರುವವರೆಗೂ ಹೊಣೆ ಹೊರುವವರೇ ಮ್ಯೂಸಿಕ್ ಪ್ರೊಡ್ಯೂಸರ್. ವರ್ಷಗಟ್ಟಲೆ ವೇದಿಕೆಯ ಮೇಲೆ ಹಾಡಿದವರಿಗೆ ಈ ಕೆಲಸ ತಾನಾಗಿಯೇ ಒಗ್ಗುತ್ತದೆ ಎಂದು ಅನೇಕರು ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ಯಾವ ಸಾಲಿನಲ್ಲಿ ಕೇಳುಗರ ಗಮನ ಜಾರುತ್ತದೆ, ಪಲ್ಲವಿ ಎಷ್ಟು ಹೊತ್ತಿಗೆ ಮರಳಿದರೆ ಜನ ದನಿಗೂಡಿಸುತ್ತಾರೆ ಎಂಬ ತಿಳಿವಳಿಕೆ ನಿಮಗೆ ಖಂಡಿತ ಇದೆ. ಆದರೆ ಎಲ್ಲರ ಕಣ್ಣೂ ತಮ್ಮ ಮೇಲಿರಬೇಕೆಂಬ ವೇದಿಕೆಯ ಅಭ್ಯಾಸವನ್ನು ಪ್ರಯತ್ನಪಟ್ಟೇ ಬಿಡಬೇಕಾಗುತ್ತದೆ.

ಈ ದಾರಿಯಲ್ಲಿ ನಡೆದವರಲ್ಲಿ ಟ್ರೆವರ್ ಹಾರ್ನ್ ಅವರದು ನನಗೆ ಅತ್ಯಂತ ಸ್ಪಷ್ಟವಾದ ಉದಾಹರಣೆಯಾಗಿ ಕಾಣುತ್ತದೆ. 1979ರಲ್ಲಿ ಬಗಲ್ಸ್ ತಂಡದ ಗಾಯಕರಾಗಿ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಅವರು 1980ರಲ್ಲಿ ಯೆಸ್ ತಂಡದ ಗಾಯಕರಾದರು. 1983ರಲ್ಲಿ ಅದೇ ತಂಡದ ಆಲ್ಬಮ್ ಹೊರಬಂದಾಗ ಅವರು ಅದರ ಮುಖ್ಯ ಗಾಯಕರಾಗಿರಲಿಲ್ಲ, ಪ್ರೊಡ್ಯೂಸರ್ ಆಗಿದ್ದರು. ಶೀಕ್ ತಂಡದ ಗಿಟಾರ್ ವಾದಕ ನೈಲ್ ರಾಜರ್ಸ್ 1983ರಲ್ಲಿ ಡೇವಿಡ್ ಬೋವಿಗೂ 1984ರಲ್ಲಿ ಮಡೋನಾಗೂ ಆಲ್ಬಮ್‌ಗಳನ್ನು ರೂಪಿಸಿಕೊಟ್ಟರು. ಫೋರ್ ನಾನ್ ಬ್ಲಾಂಡ್ಸ್ ತಂಡದ ಗಾಯಕಿ ಲಿಂಡಾ ಪೆರ್ರಿ ಅವರ ವಿಷಯಕ್ಕೆ ಮುಂದೆ ಮತ್ತೆ ಬರುತ್ತೇನೆ.

ಯಾವುದೇ ಉಪಕರಣ ಕೊಳ್ಳುವ ಮೊದಲು ಶ್ರವಣ ಪರೀಕ್ಷೆ ಮಾಡಿಸಿಕೊಳ್ಳಿ. 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದೆಂದೂ, ಪ್ರತಿ 3 ಡೆಸಿಬಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕಿಳಿಯುತ್ತದೆಂದೂ ಔದ್ಯೋಗಿಕ ಆರೋಗ್ಯ ತಜ್ಞರು ಲೆಕ್ಕ ಹಾಕುತ್ತಾರೆ. ವೇದಿಕೆಯ ಸದ್ದು ಸುಲಭವಾಗಿ 100 ಡೆಸಿಬಲ್ ದಾಟುತ್ತದೆ. ಅತಿಸದ್ದಿನಿಂದಾಗುವ ಕಿವಿಯ ಹಾನಿ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು 4000 ಹರ್ಟ್ಜ್ ಆಸುಪಾಸಿನಲ್ಲಿ, ಅಂದರೆ ಗಾಯಕರ ಉಚ್ಚಾರಣೆಯ ಸ್ಪಷ್ಟತೆ ಅಡಗಿರುವ ಜಾಗದಲ್ಲಿಯೇ. ನಿಮ್ಮ ಕಿವಿಗೆ ಅಲ್ಲಿ ಕೊರತೆಯಿದ್ದರೆ, ಅದು ತಿಳಿಯದೆಯೇ ಮಿಕ್ಸಿಂಗ್‌ನಲ್ಲಿ, ಅಂದರೆ ದನಿ ಮತ್ತು ವಾದ್ಯಗಳ ಸದ್ದನ್ನು ಹದವಾಗಿ ಬೆರೆಸುವಾಗ, ಆ ಭಾಗವನ್ನು ಹೆಚ್ಚಿಸುತ್ತ ಹೋಗುತ್ತೀರಿ, ಕೇಳುಗರಿಗೆ ಹಾಡು ಕಿವಿಗೆ ಚುಚ್ಚುತ್ತದೆ. ಹಾನಿಯಿದೆ ಎಂದು ಗೊತ್ತಾದರೆ ಕೆಲಸ ಕೈಬಿಡಬೇಕಾಗಿಲ್ಲ. ಆ ಭಾಗದ ತೀರ್ಮಾನವನ್ನು ನಂಬಿಕೆಯ ಎಂಜಿನಿಯರ್ ಒಬ್ಬರಿಗೆ ಬಿಟ್ಟರೆ ಸಾಕು.

ಕಲಿಕೆಗೆ ನಾನು ಸೂಚಿಸುವ ದಾರಿ ನಿಮ್ಮದೇ ಹಳೆಯ ಹಾಡು. ನೀವು ಹಾಡಿ ಹೆಸರಾದ ಗೀತೆಯೊಂದರ ಬಿಡಿ ಟ್ರ್ಯಾಕ್‌ಗಳನ್ನು, ಧ್ವನಿಮುದ್ರಣದ ಹಕ್ಕು ಹೊಂದಿರುವ ಸಂಸ್ಥೆಯ ಅನುಮತಿ ಪಡೆದು, ತರಿಸಿಕೊಳ್ಳಿ. ಡ್ರಮ್ಸ್, ಬೇಸ್, ಕೀಬೋರ್ಡ್, ಹಿನ್ನೆಲೆ ದನಿ ಇವನ್ನು ಒಂದೊಂದಾಗಿ ನಿಲ್ಲಿಸಿ ಮತ್ತೆ ಹಚ್ಚಿ ಕೇಳಿದಾಗ, ಸಾವಿರ ಸಲ ಹಾಡಿಯೂ ಗಮನಕ್ಕೆ ಬಾರದ ಸಂಗತಿಗಳು ಕೇಳಿಸತೊಡಗುತ್ತವೆ: ಎರಡನೆಯ ಚರಣದಲ್ಲಿ ಮಾತ್ರ ಮೆಲ್ಲಗೆ ಸೇರಿಕೊಳ್ಳುವ ಗಿಟಾರ್, ಪಲ್ಲವಿಗೆ ಮುಂಚೆ ಅರೆಕ್ಷಣ ನಿಂತುಹೋಗುವ ಬೇಸ್. ಅಂದು ನಿಮ್ಮ ದನಿಯೊಂದರಿಂದಲೇ ಹಾಡು ಗೆದ್ದಿತು ಎಂದುಕೊಂಡಿದ್ದರೆ ಆ ಭಾವನೆ ಇಲ್ಲಿ ಸಡಿಲವಾಗುತ್ತದೆ, ಮತ್ತು ಅದು ಸಡಿಲವಾಗುವುದು ಅಗತ್ಯವೂ ಹೌದು. ಸಲಕರಣೆಗಳ ವಿಷಯ ಇಷ್ಟೇ ಸಾಕು: ಸದ್ದು ಪ್ರತಿಫಲಿಸದಂತೆ ಗೋಡೆಗಳನ್ನು ಸಿದ್ಧಪಡಿಸಿದ ಕೋಣೆ, ನಿಮ್ಮೊಡನೆ ಸಮಭುಜ ತ್ರಿಕೋನವಾಗುವಂತೆ ಇಟ್ಟ ಎರಡು ಸ್ಪೀಕರ್, 24 ಬಿಟ್‌ನಲ್ಲಿ ಮುದ್ರಿಸುವ ವ್ಯವಸ್ಥೆ, ಮಾತನಾಡಲು ಅಡ್ಡಿಯಾಗದಷ್ಟು ಸಣ್ಣ ಸದ್ದಿನಲ್ಲಿ ಕೇಳುವ ರೂಢಿ.

ಮೊದಲ ಗಾಯಕರನ್ನು ಆರಿಸುವಾಗ ನಿಮ್ಮಂತೆಯೇ ಹಾಡುವವರನ್ನು ದೂರವಿಡಿ. ಅಂಥವರೊಡನೆ ನೀವು ನಿಮ್ಮ ಎರಡನೆಯ ಪ್ರತಿಯನ್ನು ತಯಾರಿಸಲು ಹೊರಡುತ್ತೀರಿ. ಆಯ್ಕೆಯಾದ ಯುವ ಗಾಯಕಿಯನ್ನು ಒಂದೇ ವಾದ್ಯದ ಜೊತೆ ಕೂರಿಸಿ, ಪಲ್ಲವಿಯನ್ನು ಮೂರು ಶ್ರುತಿಗಳಲ್ಲಿ ಹಾಡಿಸಿ ಫೋನಿನಲ್ಲಿ ಮುದ್ರಿಸಿಕೊಳ್ಳಿ: ಆಕೆ ಹೇಳಿದ ಶ್ರುತಿಯಲ್ಲೊಮ್ಮೆ, ಅರ್ಧ ಸ್ವರ ಮೇಲೊಮ್ಮೆ, ಅರ್ಧ ಸ್ವರ ಕೆಳಗೊಮ್ಮೆ. ಮರುದಿನ ಮೂರನ್ನೂ ಒಟ್ಟಿಗೆ ಕೇಳಿ ತೀರ್ಮಾನಿಸಿ. ಹಾಡುವವರಿಗೆ ಹಿತವಾದ ಶ್ರುತಿಯೇ ಕೇಳುವವರಿಗೂ ಹಿತವಾಗಿರಬೇಕೆಂದಿಲ್ಲ. ಕೆಲವೊಮ್ಮೆ ಸ್ವಲ್ಪ ಎಟುಕಿಸಿಕೊಂಡು ಹಾಡಿದ ಸ್ವರದಲ್ಲಿಯೇ ಹಾಡಿನ ಜೀವ ಇರುತ್ತದೆ.

ಟ್ರ್ಯಾಕ್ ಹಾಡುವ, ಅಂದರೆ ಗಾಯಕಿಗೆ ಮಾದರಿಯಾಗಲೆಂದು ಹಾಡನ್ನು ತಾವೇ ಮೊದಲು ಹಾಡಿ ಕೊಡುವ, ವಿಷಯದಲ್ಲಿ ಹೆಸರಾದ ಗಾಯಕರು ಎಡವುವಷ್ಟು ಬೇರೆಲ್ಲೂ ಎಡವುವುದಿಲ್ಲ. ರಾಗ ತಿಳಿಯಲೆಂದು ನೀವೇ ಹಾಡಿ ಕಳುಹಿಸಿದ ಟ್ರ್ಯಾಕನ್ನು ಆ ಹುಡುಗಿ ವಾರವಿಡೀ ಕೇಳಿರುತ್ತಾಳೆ. ಆಕೆ ಚಿಕ್ಕಂದಿನಿಂದ ನಿಮ್ಮ ಹಾಡುಗಳನ್ನು ಕೇಳಿ ಬೆಳೆದವಳಾಗಿದ್ದರಂತೂ, ರೆಕಾರ್ಡಿಂಗ್ ದಿನ ನೀವು ಉಸಿರೆಳೆದಲ್ಲೇ ಉಸಿರೆಳೆದು, ನೀವು ದನಿ ನಡುಗಿಸಿದಲ್ಲೇ ನಡುಗಿಸಿ, ಸಾಲಿನ ಕೊನೆಯ ಅಕ್ಷರವನ್ನು ನಿಮ್ಮಂತೆಯೇ ನುಂಗಿ ಹಾಡುತ್ತಾಳೆ. ಶ್ರುತಿ ಸರಿಯಿರುತ್ತದೆ, ತಾಳ ಸರಿಯಿರುತ್ತದೆ, ಹಾಡು ಮಾತ್ರ ಆಕೆಯದಾಗಿರುವುದಿಲ್ಲ. ಆದ್ದರಿಂದ ಟ್ರ್ಯಾಕ್ ಹಾಡಲೇಬೇಡಿ. ರಾಗವನ್ನು ಪಿಯಾನೋದಲ್ಲಿ ಒಂದೊಂದೇ ಸ್ವರವಾಗಿ ನುಡಿಸಿ ಕೊಡಿ, ಸಾಹಿತ್ಯವನ್ನು ಬೇರೆಯಾಗಿ ಬರೆದುಕೊಡಿ, ಯಾವ ಪದದ ಮೇಲೆ ಒತ್ತು ಬೀಳಬೇಕೆಂಬುದನ್ನು ಆಕೆಯೇ ಕಂಡುಕೊಳ್ಳಲಿ. ಈಗಾಗಲೇ ಟ್ರ್ಯಾಕ್ ಕಳುಹಿಸಿಯಾಗಿದ್ದರೆ, ಸಾಲುಗಳನ್ನು ಹಾಡದೆ ಎದುರು ಕುಳಿತವರಿಗೆ ಹೇಳುವಂತೆ ಒಮ್ಮೆ ಮಾತಿನಲ್ಲಿ ಓದಿಸಿ, ಆ ಬಳಿಕ ಹಾಡಿಸಿ. ಅನುಕರಣೆ ಬಹುಮಟ್ಟಿಗೆ ಕಳಚಿಹೋಗುತ್ತದೆ.

ಹಾಡುವ ಕೋಣೆಯೊಳಗಿನ ವಾತಾವರಣಕ್ಕೂ ಇಷ್ಟೇ ಎಚ್ಚರ ಬೇಕು. ಹೆಡ್‌ಫೋನಿನಲ್ಲಿ ತಮ್ಮ ದನಿ ಅತಿಯಾಗಿ ಕೇಳಿದರೆ ಗಾಯಕರು ಅಂಜಿದವರಂತೆ ಮೆಲ್ಲಗೆ ಹಾಡುತ್ತಾರೆ, ಕಡಿಮೆ ಕೇಳಿದರೆ ಗಂಟಲು ಬಿಗಿದು ಶ್ರುತಿ ತಪ್ಪುತ್ತಾರೆ. ಹಾಗಾಗಿ ಮೊದಲ ಹತ್ತು ನಿಮಿಷವನ್ನು ಅದರ ಹೊಂದಾಣಿಕೆಗೇ ಮೀಸಲಿಡಿ. ಟೇಕ್, ಅಂದರೆ ಒಂದು ಸಲದ ಮುದ್ರಣ, ಮುಗಿದ ಕೂಡಲೇ ಗಾಯಕರೊಡನೆ ಮಾತನಾಡಲು ಇರುವ ಟಾಕ್‌ಬ್ಯಾಕ್ ಗುಂಡಿ ಒತ್ತಿ ಏನನ್ನಾದರೂ ಹೇಳಿ. ಗಾಜಿನ ಆಚೆ ನಿಂತವರಿಗೆ ನೀವು ಎಂಜಿನಿಯರ್ ಕಡೆ ತಿರುಗಿ ತಲೆಯಾಡಿಸುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ನೀವು ಚರ್ಚಿಸುತ್ತಿರುವುದು ಕೇಬಲ್ಲಿನ ಸದ್ದಿನ ಬಗ್ಗೆಯೇ ಆಗಿದ್ದರೂ, ಆ ಹತ್ತು ಸೆಕೆಂಡಿನ ಮೌನವನ್ನು ಅವರು ತಮ್ಮ ಹಾಡುಗಾರಿಕೆಯ ತೀರ್ಪೆಂದೇ ತಿಳಿಯುತ್ತಾರೆ. ಚಪ್ಪಾಳೆಯ ನಡುವೆ ಬೆಳೆದ ನಿಮಗೆ ಈ ಮೌನದ ಭಾರ ಬೇರೆ ಯಾವ ಪ್ರೊಡ್ಯೂಸರ್‌ಗಿಂತ ಚೆನ್ನಾಗಿ ಅರ್ಥವಾಗಬೇಕು. ಒಂದು ಟೇಕಿಗೆ ಒಂದೇ ಸೂಚನೆ ಕೊಡಿ, ಅದನ್ನೂ ಹಾಡಿ ತೋರಿಸದೆ ಮಾತಿನಲ್ಲೇ ಹೇಳಿ.

ಮೊದಲ ಟೇಕಿನಿಂದಲೇ ಮುದ್ರಿಸಿಕೊಳ್ಳುತ್ತಿರಬೇಕು. 2002ರಲ್ಲಿ ಕ್ರಿಸ್ಟಿನಾ ಅಗಿಲೇರಾ ಅವರಿಗಾಗಿ ಲಿಂಡಾ ಪೆರ್ರಿ ಬರೆದು ನಿರ್ಮಿಸಿದ ಪ್ರಸಿದ್ಧ ಗೀತೆಯಲ್ಲಿ ಉಳಿದಿರುವುದು ಪರೀಕ್ಷೆಗೆಂದು ಹಾಡಿದ ಆರಂಭದ ದನಿ. ಹಾಡು ಶುರುವಾಗುವ ಮುನ್ನ, ನನ್ನನ್ನು ನೋಡಬೇಡ ಎಂದು ಗಾಯಕಿ ಪಿಸುಗುಡುವುದೂ ಅದರಲ್ಲಿದೆ. ಆ ಅಳುಕು ಆ ಹಾಡಿಗೆ ಬೇಕಿತ್ತು, ಪೆರ್ರಿ ಅದನ್ನು ಗುರುತಿಸಿದರು. ಬೇರೆ ಬೇರೆ ಟೇಕುಗಳ ಒಳ್ಳೆಯ ಸಾಲುಗಳನ್ನು ಜೋಡಿಸುವಾಗಲೂ, ಶ್ರುತಿ ತಿದ್ದುವ ತಂತ್ರಾಂಶ ಬಳಸುವಾಗಲೂ ಈ ವಿವೇಚನೆ ಇರಲಿ.

ಹಾಡು ಸಿದ್ಧವಾಗುತ್ತಿದ್ದಂತೆ ಅದನ್ನು ಹೊರತರುವ ಸಂಸ್ಥೆಯವರು ನಿಮ್ಮ ದನಿಯಲ್ಲೂ ನಾಲ್ಕು ಸಾಲು ಸೇರಿಸಲು ಕೇಳುವುದು ಬಹುಮಟ್ಟಿಗೆ ಖಚಿತ, ಏಕೆಂದರೆ ನಿಮ್ಮ ಹೆಸರು ಮಾರಾಟಕ್ಕೆ ನೆರವಾಗುತ್ತದೆ. ಮೊದಲ ಎರಡು ಮೂರು ಕೆಲಸಗಳಲ್ಲಾದರೂ ಇದನ್ನು ವಿನಯದಿಂದ ನಿರಾಕರಿಸಿ. ಒಪ್ಪಿದರೆ ಹಾಡು ನಿಮ್ಮ ಹೆಸರಿನಲ್ಲಿ ನಡೆಯುತ್ತದೆ, ಆಕೆ ಅತಿಥಿಯಾಗುತ್ತಾಳೆ.

ಹಣದ ಲೆಕ್ಕವೂ ಬದಲಾಗುತ್ತದೆ. ವೇದಿಕೆಯ ಸಂಭಾವನೆ ಕಾರ್ಯಕ್ರಮದೊಂದಿಗೇ ಕೈಸೇರುತ್ತದೆ. ಪ್ರೊಡ್ಯೂಸರ್ ಪಡೆಯುವುದು ಒಂದಿಷ್ಟು ಮುಂಗಡ, ಆಮೇಲೆ ಧ್ವನಿಮುದ್ರಣದ ಗಳಿಕೆಯಲ್ಲಿ ಪಾಯಿಂಟ್ಸ್ ಎಂದು ಕರೆಯುವ ಪಾಲು. ಈ ಪಾಲು ಶೇ. 3ರಿಂದ 5ರ ನಡುವೆ ಇರುವುದು ವಾಡಿಕೆ, ಮತ್ತು ಮುಂಗಡವನ್ನು ಸಾಮಾನ್ಯವಾಗಿ ಅದರಲ್ಲೇ ಮುರಿದುಕೊಳ್ಳುತ್ತಾರೆ. ಸಾಹಿತ್ಯ ಮತ್ತು ರಾಗದ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ರಾಗ ಕಟ್ಟುವುದರಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಹಾಡು ಹುಟ್ಟಿದ ದಿನವೇ, ಎಲ್ಲರೂ ಕೋಣೆಯಲ್ಲಿರುವಾಗಲೇ, ಬರೆದು ಸಹಿ ಹಾಕಿಸಿ. ನಿಮ್ಮ ಹೆಸರಿನ ಎದುರು ಬಾಯಿಬಿಡಲು ಹೊಸಬರು ಹಿಂಜರಿಯುತ್ತಾರೆ. ಆದ್ದರಿಂದ ಆ ಮಾತನ್ನು ನೀವೇ ಎತ್ತುವುದು ನ್ಯಾಯ.

ಕೊನೆಯ ಪ್ರತಿ ಒಪ್ಪಿಸುವಾಗ ಪೂರ್ಣ ಹಾಡು, ದನಿಯಿಲ್ಲದ ಪ್ರತಿ, ಹಾಗೂ ಒಂದೇ ಬಿಂದುವಿನಿಂದ ಆರಂಭವಾಗುವ ಬಿಡಿ ಟ್ರ್ಯಾಕ್‌ಗಳನ್ನು ಶ್ರುತಿ ಮತ್ತು ಗತಿಯ ವಿವರದೊಂದಿಗೆ ಕೊಡಬೇಕು. ಇದರ ಜೊತೆಗೆ, ಕೇಳದಿದ್ದರೂ, ವೇದಿಕೆಗೆಂದೇ ಇನ್ನೊಂದು ಪ್ರತಿಯನ್ನು ಸಿದ್ಧಪಡಿಸಿ: ಆರಂಭಕ್ಕೆ ಮುನ್ನ ತಾಳದ ಎಣಿಕೆ, ಗತಿ ತಪ್ಪದಂತೆ ಡ್ರಮ್ಸ್ ವಾದಕರ ಕಿವಿಗೆ ಮಾತ್ರ ಟಿಕ್ ಟಿಕ್ ಎಂದು ಕೇಳುವ ಕ್ಲಿಕ್ ಟ್ರ್ಯಾಕ್, ಎರಡನೆಯ ಪಲ್ಲವಿಯ ನಂತರ ಗಾಯಕಿ ಉಸಿರು ತೆಗೆದುಕೊಳ್ಳಲು ನಾಲ್ಕು ಆವರ್ತದಷ್ಟು ಹೆಚ್ಚಿನ ಬಿಡುವು. ಆ ಬಿಡುವು ಎಲ್ಲಿ ಬೇಕಾಗುತ್ತದೆ ಎಂಬುದು, ಅದೇ ಬೆಳಕಿನಡಿ ನಿಂತು ಹಾಡಿದ ನಿಮಗೆ ಗೊತ್ತಿರುತ್ತದೆ.